ಮೇಜಿನ ಸುತ್ತ ಕೂಡಿದವರ ಕಥೆ



ಕುಟುಂಬ ಭೇಟಿಗೆಂದು ನಮ್ಮ ಧರ್ಮಕೇಂದ್ರದ ಒಂದು ಮನೆಗೆ ಹೋಗಿದ್ದೆ. ಪ್ರಾರ್ಥನೆ ಮುಗಿದು ಕಾಫಿಯ ಲೋಟ ಕೈಗೆ ಬಂದ ಮೇಲೆ ಮನೆಯ ಯಜಮಾನರು ಮೆಲ್ಲನೆ ತಮ್ಮ ಸಂಕಟವನ್ನು ಹೇಳಿಕೊಂಡರು: "ಫಾದರ್, ಇವನು ಶನಿವಾರ ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತರೆ ಮೂರು ನಾಲ್ಕು ಗಂಟೆ ಏಳುವುದಿಲ್ಲ. ಯಾರು ಯಾರೊಂದಿಗೋ ಮಾತು, ನಡುವೆ ದಾಳ ಉರುಳಿಸುವ ಸದ್ದು. ರಾಕ್ಷಸ, ಮಂತ್ರವಾದಿ ಎಂದೆಲ್ಲ ಕಿವಿಗೆ ಬೀಳುತ್ತದೆ. ಮುಖ ನೋಡದವರೊಂದಿಗೆ ಇದೆಂಥ ಸ್ನೇಹ, ನೀವೇ ಹೇಳಿ." ಪದವಿ ತರಗತಿಯಲ್ಲಿ ಓದುತ್ತಿದ್ದ ಮಗ ನಾಚಿ ತಲೆ ತಗ್ಗಿಸಿದ. ಬಳಿಕ ಒಳಗೆ ಹೋಗಿ ಇಪ್ಪತ್ತು ಮುಖಗಳ ನೀಲಿ ದಾಳವೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟ.

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ತಿಳಿಯದ ವಿಷಯದಲ್ಲಿ ಉಪದೇಶ ಮಾಡಬಾರದೆಂದು ಸುಮ್ಮನೆ ಬಂದೆ. ಆನಂತರ ಸ್ವಲ್ಪ ಸ್ವಲ್ಪವಾಗಿ ಓದಿ ತಿಳಿದುಕೊಂಡಾಗ ಅರಿವಾದದ್ದೇನೆಂದರೆ, ಆ ಪುಟ್ಟ ದಾಳದ ಹಿಂದೆ ಅರ್ಧ ಶತಮಾನದ ಇತಿಹಾಸವೊಂದಿದೆ. ಅದು ಆಟದ ಇತಿಹಾಸ ಎನ್ನುವುದಕ್ಕಿಂತ, ಆಟದ ನೆಪದಲ್ಲಿ ಕೂಡಿದ ಜನರ ಇತಿಹಾಸ. ಅವರು ಒಬ್ಬರನ್ನೊಬ್ಬರು ಹೇಗೆ ಹುಡುಕಿಕೊಂಡರು, ಹೇಗೆ ಮುನಿಸಿಕೊಂಡರು, ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಹೇಗೆ ವಲಸೆ ಹೋದರು ಎಂಬ ಈ ವೃತ್ತಾಂತವನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಆಟವೆಂದರೇನು?

ಮೊದಲು ಆಟದ ಸ್ವರೂಪ ತಿಳಿಯೋಣ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬನು ನಿರೂಪಕ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. "ನಿಮ್ಮ ಮುಂದೆ ಪಾಳುಬಿದ್ದ ಕೋಟೆಯಿದೆ, ಬಾಗಿಲು ಅರ್ಧ ತೆರೆದಿದೆ, ಏನು ಮಾಡುತ್ತೀರಿ?" ಎಂದು ನಿರೂಪಕ ಕೇಳುತ್ತಾನೆ. ಆಟಗಾರರು ತಮ್ಮ ಪಾತ್ರದ ಬಾಯಿಂದ ಉತ್ತರಿಸುತ್ತಾರೆ. ಕೈಗೊಂಡ ಕಾರ್ಯ ಸಫಲವೋ ವಿಫಲವೋ ಎಂಬ ಸಂದೇಹ ಬಂದಾಗ ದಾಳ ತೀರ್ಮಾನಿಸುತ್ತದೆ. ಇಲ್ಲಿ ಗೆದ್ದವರು ಸೋತವರು ಎಂಬ ಭೇದವಿಲ್ಲ, ಎಲ್ಲರೂ ಸೇರಿ ಒಂದು ಕಥೆಯನ್ನು ಕಟ್ಟುತ್ತಾರೆ. ನಮ್ಮ ಕರಾವಳಿಯ ತಾಳಮದ್ದಲೆಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದಲೇ ಮಾತಿನಿಂದ ಪಾತ್ರ ಮೂಡಬೇಕು. ಆದರೆ ತಾಳಮದ್ದಲೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಈ ಆಟದಲ್ಲಿ ನಿರೂಪಕನಿಗೂ ಗೊತ್ತಿಲ್ಲ.

ಇದರ ಬೇರು ಯುದ್ಧದ ಆಟಗಳಲ್ಲಿದೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಜ್ ಎಂಬಾತನು, ನಕಾಶೆ, ದಾಳ ಹಾಗೂ ಒಬ್ಬ ತೀರ್ಪುಗಾರನನ್ನಿಟ್ಟುಕೊಂಡು ಯುದ್ಧತಂತ್ರವನ್ನು ಕಲಿಸುವ ಆಟವೊಂದನ್ನು ಪ್ರಕಟಿಸಿದನು. ಅವನ ತಂದೆ ಆರಂಭಿಸಿದ್ದ ಕೆಲಸವನ್ನೇ ಆತ ಪರಿಷ್ಕರಿಸಿದ್ದ. ಶತಮಾನವೊಂದು ಕಳೆದ ಮೇಲೆ ಇಂಥ ಆಟಗಳು ಅಮೆರಿಕದ ಹವ್ಯಾಸಿಗಳ ಮನೆಗಳಿಗೆ ಬಂದವು. 1968ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಸಭಾಂಗಣವೊಂದರಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬುವರು ಯುದ್ಧದಾಟದ ಹವ್ಯಾಸಿಗಳ ಮೇಳವನ್ನು ಏರ್ಪಡಿಸಿದರು. ಸುಮಾರು ನೂರು ಮಂದಿ ಬಂದಿದ್ದರು. 'ಜೆನ್ ಕಾನ್' ಎಂಬ ಆ ಮೇಳ ಇಂದಿಗೂ ನಡೆಯುತ್ತಿದ್ದು, ಹತ್ತಾರು ಸಾವಿರ ಜನರನ್ನು ಸೇರಿಸುತ್ತದೆ. ಮಿನೆಸೋಟಾದ ಡೇವ್ ಆರ್ನೆಸನ್ ಎಂಬ ಯುವಕ, ಸೈನ್ಯವನ್ನು ನಡೆಸುವ ಬದಲು ಒಬ್ಬೊಬ್ಬ ಆಟಗಾರನೂ ಒಬ್ಬನೇ ವ್ಯಕ್ತಿಯಾಗಿ ಕಲ್ಪನೆಯ ಲೋಕದಲ್ಲಿ ಸಂಚರಿಸುವ ಆಟವನ್ನು ತನ್ನ ಗೆಳೆಯರೊಂದಿಗೆ ಆಡುತ್ತಿದ್ದ. ಇಬ್ಬರ ಶ್ರಮವೂ ಕೂಡಿ 1974ರ ಆರಂಭದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರಬಂದಿತು. ಮೂರು ಪುಟ್ಟ ಪುಸ್ತಿಕೆಗಳಿದ್ದ ಒಂದು ಪೆಟ್ಟಿಗೆ, ಮೊದಲ ಮುದ್ರಣ ಕೇವಲ 1,000 ಪ್ರತಿ.

ಆ ಪುಸ್ತಿಕೆಗಳಲ್ಲಿ ಒಂದು ಲೋಪವಿತ್ತು. ನಿಯಮಗಳು ಅಪೂರ್ಣವಾಗಿದ್ದವು. ಕೊಂಡವರಿಗೆ ಹೇಗೆ ಆಡಬೇಕೆಂದೇ ಸ್ಪಷ್ಟವಾಗುತ್ತಿರಲಿಲ್ಲ. ವಿಚಿತ್ರವೆಂದರೆ ಸಮುದಾಯ ಹುಟ್ಟಿದ್ದು ಆ ಲೋಪದಿಂದಲೇ. ಪುಸ್ತಕದಲ್ಲಿ ಸಿಗದ ಉತ್ತರವನ್ನು ಜನ ಒಬ್ಬರಿಂದೊಬ್ಬರು ಕೇಳಬೇಕಾಯಿತು. ಎಲ್ಲವೂ ಪರಿಪೂರ್ಣವಾಗಿ ಬರೆದಿಟ್ಟಿದ್ದರೆ ಬಹುಶಃ ಅವರು ಪರಸ್ಪರ ಮಾತನಾಡುತ್ತಲೇ ಇರಲಿಲ್ಲ.

ಅಂಚೆಯ ಕಾಲ

1975ರಲ್ಲಿ ಲಾಸ್ ಏಂಜಲಿಸ್‌ನ ಲೀ ಗೋಲ್ಡ್ ಎಂಬ ಮಹಿಳೆ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್' ಎಂಬ ಪತ್ರಿಕೆಯೊಂದನ್ನು ಆರಂಭಿಸಿದರು. ಪತ್ರಿಕೆ ಎನ್ನುವುದಕ್ಕಿಂತ ಅದನ್ನು ಪತ್ರಗಳ ಕಂತೆ ಎನ್ನಬೇಕು. ದೂರದೂರದ ಆಟಗಾರರು ತಮ್ಮ ತಮ್ಮ ಪುಟಗಳನ್ನು ತಾವೇ ಬರೆದು ಅವರಿಗೆ ಕಳುಹಿಸುತ್ತಿದ್ದರು. ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಕಾಲಕ್ಕೆ ಹಾಡಿನ ಹಾಳೆಗಳನ್ನು ಸೈಕ್ಲೋಸ್ಟೈಲ್ ಮಾಡುತ್ತಿದ್ದೆವಲ್ಲ, ಹಾಗೆಯೇ ಆ ಪುಟಗಳ ಪ್ರತಿ ತೆಗೆದು, ಜೋಡಿಸಿ, ಹೊಲಿಗೆ ಹಾಕಿ, ಅವರು ಎಲ್ಲರಿಗೂ ಅಂಚೆಯಲ್ಲಿ ರವಾನಿಸುತ್ತಿದ್ದರು. ಓದಿದವರು ಮುಂದಿನ ಸಂಚಿಕೆಗೆ ತಮ್ಮ ಪುಟ ಬರೆಯುವಾಗ, ಹಿಂದಿನದರಲ್ಲಿ ಪ್ರತಿಯೊಬ್ಬರೂ ಬರೆದುದಕ್ಕೆ ಹೆಸರು ಹಿಡಿದು ಉತ್ತರ ಕೊಡುವುದು ವಾಡಿಕೆ.

ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯಲು ತಿಂಗಳು ಹಿಡಿಯುತ್ತಿತ್ತು. ಸಿಟ್ಟಿನ ಮಾತನ್ನು ಬರೆಯುವುದಕ್ಕೂ ಅಂಚೆಗೆ ಹಾಕುವುದಕ್ಕೂ ನಡುವೆ ಯೋಚಿಸಲು ಅವಕಾಶವಿರುತ್ತಿತ್ತು. ಬರೆಯುವವರು ಕೆಲವೇ ಮಂದಿಯಾದ್ದರಿಂದ ಪ್ರತಿಯೊಬ್ಬರ ಸ್ವಭಾವವೂ ಉಳಿದವರಿಗೆ ಗೊತ್ತು. ಮುಂದೆ ಹೆಸರಾಂತ ಆಟಗಳನ್ನು ರಚಿಸಿದ ಜೊನಾಥನ್ ಟ್ವೀಟ್, ರಾಬಿನ್ ಲಾಸ್ ಮುಂತಾದವರು ಈ ಕಂತೆಯಲ್ಲಿ ಬರೆದವರೇ. ಅಂದರೆ ಮುಖ ನೋಡದವರ ಸ್ನೇಹ ಎಂಬುದು ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ಲಕೋಟೆಯೊಳಗೂ ಅದು ಇತ್ತು.

ನಾವು ಮಾಡಿದ ತಪ್ಪು

ಇಲ್ಲಿ ನಮ್ಮ ಕಡೆಯ ಒಂದು ತಪ್ಪನ್ನು ಮುಚ್ಚಿಡದೆ ಹೇಳಬೇಕು. 1979ರಲ್ಲಿ ಮಿಷಿಗನ್ನಿನ ವಿಶ್ವವಿದ್ಯಾಲಯವೊಂದರಿಂದ ಹದಿನಾರು ವರ್ಷದ ವಿದ್ಯಾರ್ಥಿಯೊಬ್ಬ ಕಾಣೆಯಾದ. ಈ ಆಟವೇ ಅವನ ತಲೆ ಕೆಡಿಸಿರಬೇಕೆಂದು ಪತ್ತೇದಾರನೊಬ್ಬ ಊಹಿಸಿದ, ವೃತ್ತಪತ್ರಿಕೆಗಳು ಅದನ್ನೇ ದೊಡ್ಡದು ಮಾಡಿದವು. ನಿಜವಾಗಿ ಆ ಹುಡುಗನನ್ನು ಬಾಧಿಸುತ್ತಿದ್ದುದು ಖಿನ್ನತೆ ಮತ್ತು ಒಂಟಿತನ. 1980ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಇನ್ನೊಂದು ಊರಿನಲ್ಲಿ ಇದೇ ರೀತಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು 1983ರಲ್ಲಿ ಆಟದ ವಿರುದ್ಧ ಒಂದು ಸಂಘಟನೆಯನ್ನೇ ಕಟ್ಟಿದಳು. ಆಕೆಯ ದುಃಖವನ್ನು ಯಾರೂ ಲಘುವಾಗಿ ಕಾಣಲಾಗದು. ಆದರೆ ಆ ದುಃಖ ಕಂಡುಕೊಂಡ ಕಾರಣ ಸರಿಯಾದುದಾಗಿರಲಿಲ್ಲ.

ಅಮೆರಿಕದ ಅನೇಕ ಕ್ರೈಸ್ತ ಬೋಧಕರು ಈ ಆಟ ಸೈತಾನನ ಕೈವಾಡ ಎಂದು ಸಾರಿದರು. 1984ರಲ್ಲಿ ಅದೇ ಅರ್ಥದ ಚಿತ್ರಕಥೆಯ ಕಿರುಹೊತ್ತಗೆ ಪ್ರಕಟವಾಗಿ ವ್ಯಾಪಕವಾಗಿ ಹಂಚಲ್ಪಟ್ಟಿತು. ಆಟವೇ ಆತ್ಮಹತ್ಯೆಗೆ ಕಾರಣವೆಂಬ ಆರೋಪ ಎಂದೂ ಸಾಬೀತಾಗಲಿಲ್ಲ. 1990ರಲ್ಲಿ ಲೇಖಕ ಮೈಕೆಲ್ ಸ್ಟ್ಯಾಕ್‌ಪೋಲ್ ಆ ಆರೋಪಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವು ಎಷ್ಟು ದುರ್ಬಲವೆಂದು ವಿವರವಾಗಿ ತೋರಿಸಿದರು. ಆ ವೇಳೆಗೆ ನಷ್ಟವಾಗಬೇಕಾದದ್ದು ಆಗಿಹೋಗಿತ್ತು. ಮನೆಯಲ್ಲಿ ಹೇಳಿಕೊಳ್ಳಲಾಗದೆ, ದೇವಾಲಯದಲ್ಲಿ ತಲೆ ಎತ್ತಲಾಗದೆ ಉಳಿದ ಮಕ್ಕಳು, ತಮ್ಮಂಥವರನ್ನು ಬೇರೆಲ್ಲೋ ಹುಡುಕುವುದು ಸಹಜವಲ್ಲವೇ? ಈ ಆಟವನ್ನು ಪ್ರೀತಿಸುವ ಕ್ರೈಸ್ತರೇ 1996ರಲ್ಲಿ 'ಕ್ರಿಶ್ಚಿಯನ್ ಗೇಮರ್ಸ್ ಗಿಲ್ಡ್' ಎಂಬ ಬಳಗವನ್ನು ಕಟ್ಟಿಕೊಂಡರು. ವಿಶ್ವಾಸವನ್ನೂ ಹವ್ಯಾಸವನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳಬಹುದೆಂದು ತೋರಿಸಲು ಅವರು ಮುಂದೆ ಬರಬೇಕಾಯಿತು.

ಮುಗಿಯದ ಸೆಪ್ಟೆಂಬರ್

ಅಷ್ಟರಲ್ಲಿ ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳು ಒಂದಕ್ಕೊಂದು ಜೋಡಣೆಯಾಗಿದ್ದವು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ರೂಪಿಸಿದ 'ಯೂಸ್‌ನೆಟ್' ಎಂಬ ವ್ಯವಸ್ಥೆಯಲ್ಲಿ ಒಬ್ಬನು ಬರೆದ ಸಂದೇಶ ಯಂತ್ರದಿಂದ ಯಂತ್ರಕ್ಕೆ ನಕಲಾಗಿ ಎಲ್ಲೆಡೆ ಹರಡುತ್ತಿತ್ತು. ಅದಕ್ಕೆ ಒಬ್ಬ ಮಾಲೀಕನೆಂಬುವನಿರಲಿಲ್ಲ. ಪಾತ್ರಾಭಿನಯದ ಆಟಗಳಿಗೂ ಅಲ್ಲೊಂದು ಮೂಲೆ ದೊರೆಯಿತು. ತಿಂಗಳು ಹಿಡಿಯುತ್ತಿದ್ದ ಉತ್ತರ ಈಗ ಮಾರನೆಯ ದಿನವೇ ಬರತೊಡಗಿತು. ಜನ ಹೆಚ್ಚಿದಂತೆ ಆ ಮೂಲೆ ಹಲವು ಕೋಣೆಗಳಾಗಿ ಒಡೆಯಿತು. ಒಂದು ಕೋಣೆಯಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ಗಂಭೀರವಾದ ಚರ್ಚೆ ನಡೆಯಿತು. ಈ ಆಟವನ್ನು ನಾವು ಏತಕ್ಕಾಗಿ ಆಡುತ್ತೇವೆ? ಸವಾಲನ್ನು ಜಯಿಸಲೆಂದೋ, ಒಳ್ಳೆಯ ಕಥೆ ಮೂಡಲೆಂದೋ, ಕಲ್ಪನೆಯ ಲೋಕವನ್ನು ನಿಷ್ಠೆಯಿಂದ ಅನುಭವಿಸಲೆಂದೋ? ಹವ್ಯಾಸಿಗಳು ತಮ್ಮ ಹವ್ಯಾಸದ ತತ್ತ್ವವನ್ನು ತಾವೇ ಶೋಧಿಸಿಕೊಂಡ ಕಾಲವದು.

ಯೂಸ್‌ನೆಟ್‌ನಲ್ಲಿ ಒಂದು ಋತುಮಾನವಿತ್ತು. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜು ಸೇರಿದ ಹೊಸಬರು ಒಮ್ಮೆಲೇ ಬಂದು ತುಂಬುತ್ತಿದ್ದರು, ಅಲ್ಲಿಯ ರೀತಿನೀತಿ ಅರಿಯದೆ ಗದ್ದಲವೆಬ್ಬಿಸುತ್ತಿದ್ದರು. ಹಳಬರು ತಿದ್ದುತ್ತಿದ್ದರು. ಎರಡು ತಿಂಗಳಲ್ಲಿ ಹೊಸಬರೂ ಹಳಬರಾಗುತ್ತಿದ್ದರು. ಗುರುಮಠಕ್ಕೆ ಪ್ರತಿ ವರ್ಷ ಬರುವ ಹೊಸ ವಿದ್ಯಾರ್ಥಿಗಳನ್ನು ಕಂಡ ನನಗೆ ಈ ಚಿತ್ರ ಚೆನ್ನಾಗಿ ಪರಿಚಿತ. ಆದರೆ 1993–94ರಲ್ಲಿ ವಾಣಿಜ್ಯ ಸಂಸ್ಥೆಗಳು ಮನೆಮನೆಯ ಗ್ರಾಹಕರಿಗೂ ಯೂಸ್‌ನೆಟ್‌ನ ಬಾಗಿಲು ತೆರೆದವು. ಹೊಸಬರು ವರ್ಷವಿಡೀ ಬರತೊಡಗಿದರು. ಕಲಿಸುವವರಿಗಿಂತ ಕಲಿಯಬೇಕಾದವರೇ ಹೆಚ್ಚಾದರು. ಹಳಬರು ಆ ಕಾಲವನ್ನು 'ಕೊನೆಯಿಲ್ಲದ ಸೆಪ್ಟೆಂಬರ್' ಎಂದು ಕರೆದರು.

ಇದರಲ್ಲಿ ಹಳಬರ ಅಸಹನೆಯೂ ಇದೆ, ನಿಜ. ಆದರೂ ಒಂದು ಸತ್ಯ ಅದರೊಳಗಿದೆ. ಯಾವ ಬಳಗವೂ ಹೊಸಬರಿಲ್ಲದೆ ಬದುಕಲಾರದು. ಬಂದವರಿಗೆ ಬಳಗದ ಮಾತು, ಮರ್ಯಾದೆ, ನೆನಪುಗಳನ್ನು ದಾಟಿಸಲು ವ್ಯವಧಾನವಿಲ್ಲದಿದ್ದರೆ, ಹೆಸರು ಮಾತ್ರ ಉಳಿದು ಬಳಗ ಬೇರೆಯದೇ ಆಗಿಬಿಡುತ್ತದೆ.

ಜಗಳಗಳು ಮತ್ತು ಬಾಗಿಲುಗಳು

ಆಟದ ಒಡೆತನ ಹೊಂದಿದ್ದ ಟಿಎಸ್‌ಆರ್ ಸಂಸ್ಥೆ 1990ರ ದಶಕದ ಮಧ್ಯದಲ್ಲಿ, ಅಭಿಮಾನಿಗಳು ತಾವೇ ರಚಿಸಿ ಅಂತರ್ಜಾಲದಲ್ಲಿ ಹಂಚಿಕೊಳ್ಳುತ್ತಿದ್ದ ಕಥೆ, ನಕಾಶೆಗಳ ಮೇಲೆ ಬಿಗಿ ಹಿಡಿಯಿತು. ತನ್ನನ್ನು ಪ್ರೀತಿಸುವವರಿಗೇ ಅದು ಭಯ ಹುಟ್ಟಿಸಿತು. ಸಾಲದಲ್ಲಿ ಮುಳುಗಿದ ಆ ಸಂಸ್ಥೆಯನ್ನು 1997ರಲ್ಲಿ 'ವಿಝರ್ಡ್ಸ್ ಆಫ್ ದಿ ಕೋಸ್ಟ್' ಕೊಂಡುಕೊಂಡಿತು. 2000ದಲ್ಲಿ ಮೂರನೆಯ ಆವೃತ್ತಿ ಬಂದಾಗ ಹೊಸ ಒಡೆಯರು ತದ್ವಿರುದ್ಧ ಹಾದಿ ಹಿಡಿದರು. ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿ ತಮ್ಮ ಪುಸ್ತಕಗಳನ್ನು ಪ್ರಕಟಿಸಬಹುದೆಂಬ ಮುಕ್ತ ಪರವಾನಗಿಯನ್ನು ನೀಡಿದರು. ಅದೇ ಕಾಲದಲ್ಲಿ ಆಟಗಾರರು ನಡೆಸುವ ಚರ್ಚಾತಾಣಗಳು ಹುಟ್ಟಿ ಬೆಳೆದವು. ಅಂಥ ತಾಣಗಳಲ್ಲಿ ವೃದ್ಧಾಪ್ಯದತ್ತ ಸಾಗುತ್ತಿದ್ದ ಗೈಗ್ಯಾಕ್ಸ್ ಅವರೇ ಕುಳಿತು, ಅಪರಿಚಿತರ ಸಾವಿರಾರು ಪ್ರಶ್ನೆಗಳಿಗೆ ವರ್ಷಗಟ್ಟಲೆ ಉತ್ತರಿಸುತ್ತಿದ್ದರು. 2008ರ ಮಾರ್ಚ್ 4ರಂದು ಅವರು ತೀರಿಕೊಂಡಾಗ, ಅವರನ್ನು ಎಂದೂ ಕಾಣದವರು ಅವೇ ತಾಣಗಳಲ್ಲಿ ನೆರೆದು ಸಂತಾಪ ಸೂಚಿಸಿದರು.

ಅದೇ ವರ್ಷ ನಾಲ್ಕನೆಯ ಆವೃತ್ತಿ ಬಂದಿತು, ಬಳಗ ಒಡೆಯಿತು. ಹೊಸದನ್ನು ಒಪ್ಪಿದವರು ಕೆಲವರು. ಮೂರನೆಯದನ್ನೇ ಮುಂದುವರಿಸಿದ 'ಪಾತ್‌ಫೈಂಡರ್' ಎಂಬ ಬೇರೊಂದು ಸಂಸ್ಥೆಯ ಆಟಕ್ಕೆ 2009ರಲ್ಲಿ ಹೋದವರು ಹಲವರು. 1974ರ ಸರಳ ನಿಯಮಗಳಿಗೇ ಮರಳಬೇಕೆಂದವರು ಇನ್ನು ಕೆಲವರು. ನಿಜವಾದ ವಾರಸುದಾರರು ಯಾರು ಎಂಬ ವಾದದಲ್ಲಿ ಬಹುಕಾಲದ ಗೆಳೆತನಗಳು ಮುರಿದವು. ಹೊರಗಿನವರಿಗೆ ದಾಳದಾಟದ ನಿಯಮಕ್ಕಾಗಿ ಇಷ್ಟು ಕಹಿಯೇ ಎನಿಸೀತು. ಆದರೆ ಹಬ್ಬದ ಹಾಡಿನ ರಾಗ ಬದಲಾದುದಕ್ಕೆ ಗಾಯನ ಮಂಡಳಿಗಳು ಒಡೆದದ್ದನ್ನು ಕಂಡ ನಾವು ನಗುವಂತಿಲ್ಲ. ಜನ ಜಗಳವಾಡುವುದು ತಾವು ಪ್ರೀತಿಸುವುದರ ಬಗ್ಗೆಯೇ.

ಇನ್ನು ಬಾಗಿಲು ಮುಚ್ಚಿದ ಎರಡು ಮನೆಗಳ ಕಥೆ ಕೇಳಿ. ಮೊದಲನೆಯದು 'ದಿ ಫೋರ್ಜ್'. ಸ್ವಂತವಾಗಿ ಆಟಗಳನ್ನು ರಚಿಸಿ ಪ್ರಕಟಿಸುವವರಿಗಾಗಿ ರಾನ್ ಎಡ್ವರ್ಡ್ಸ್ ಮುಂತಾದವರು ನಡೆಸುತ್ತಿದ್ದ ಚರ್ಚಾತಾಣ ಅದು. ಅದರ ಸಿದ್ಧಾಂತಗಳು ಹಲವರನ್ನು ಕೆರಳಿಸಿದ್ದೂ ಉಂಟು. ಅದರ ಕೆಲಸ ಮುಗಿಯಿತೆಂದು ನಡೆಸುವವರಿಗೆ ತೋರಿದಾಗ, ಅವರು ಮುಂಚಿತವಾಗಿ ತಿಳಿಸಿ, ಹಂತಹಂತವಾಗಿ ಕೋಣೆಗಳನ್ನು ಮುಚ್ಚುತ್ತ ಬಂದು, 2012ರಲ್ಲಿ ಪೂರ್ಣವಾಗಿ ನಿಲ್ಲಿಸಿದರು. ಅಲ್ಲಿ ನಡೆದ ಮಾತುಕತೆಯನ್ನು ಮಾತ್ರ ಓದಲು ಸಿಗುವಂತೆ ಉಳಿಸಿದರು.

ಎರಡನೆಯದು 'ಗೂಗಲ್ ಪ್ಲಸ್'. 2011ರಲ್ಲಿ ಆರಂಭವಾದ ಈ ಜಾಲವನ್ನು ಜಗತ್ತು ಅಷ್ಟಾಗಿ ಬಳಸಲಿಲ್ಲ. ಆದರೆ ಈ ಆಟಗಾರರು, ಅದರಲ್ಲೂ ಹಳೆಯ ಶೈಲಿಯ ಆಟವನ್ನು ಮೆಚ್ಚುವವರು, ಅಲ್ಲಿ ನೆಮ್ಮದಿಯ ಮನೆಯನ್ನು ಕಂಡುಕೊಂಡರು. ಒಬ್ಬರ ಮುಖವನ್ನೊಬ್ಬರು ಪರದೆಯ ಮೇಲೆ ನೋಡುತ್ತ ಖಂಡಾಂತರದ ಗೆಳೆಯರೊಂದಿಗೆ ಆಡಿದರು, ಹೊಸ ಪುಸ್ತಕಗಳನ್ನು ರೂಪಿಸಿದರು. 2018ರ ಅಕ್ಟೋಬರ್‌ನಲ್ಲಿ ಕಂಪನಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. 2019ರ ಏಪ್ರಿಲ್ 2ರಂದು ಬಾಗಿಲು ಹಾಕಿತು. ಸ್ವಯಂಸೇವಕರು ಕೈಲಾದಷ್ಟನ್ನು ನಕಲು ಮಾಡಿ ಉಳಿಸಲು ಹೆಣಗಿದರು. ಉಳಿಸಿಕೊಳ್ಳಲಾಗದ್ದು ಉಪ್ಪು ನೀರಿನಲ್ಲಿ ಕರಗಿದಂತೆ ಹೋಯಿತು. ಗೆಳೆಯರು ದಿಕ್ಕಿಗೊಬ್ಬರಾದರು. ಬಹಳ ಮಂದಿ ಈಗ 'ಡಿಸ್ಕಾರ್ಡ್' ಮುಂತಾದ ತಾಣಗಳ ಕೋಣೆಗಳಲ್ಲಿ ಸೇರುತ್ತಾರೆ. 2020ರ ಕೋವಿಡ್ ಕಾಲದಲ್ಲಿ ಮನೆಯೊಳಗೆ ಬಂದಿಯಾದ ಅನೇಕರಿಗೆ ಅಂಥ ಕೋಣೆಗಳೇ ಆಸರೆಯಾದವು. ಆದರೆ ಅಲ್ಲಿಯ ಮಾತು ಬಾಗಿಲ ಹೊರಗಿನವರಿಗೆ ಕಾಣುವುದಿಲ್ಲ. ಹತ್ತು ವರ್ಷದ ಬಳಿಕ ಬರುವವನಿಗೆ ಹಿಂದಿನವರು ಏನು ಹೇಳಿದ್ದರೆಂದು ತಿಳಿಯುವುದು ಕಷ್ಟ.

ಮನೆಯ ಒಡೆತನದ ಪ್ರಶ್ನೆ 2023ರ ಜನವರಿಯಲ್ಲಿ ಮತ್ತೆ ಎದ್ದಿತು. 2000ದ ಮುಕ್ತ ಪರವಾನಗಿಯನ್ನು ಬಿಗಿಗೊಳಿಸುವ ಕರಡೊಂದು ಬಯಲಾಯಿತು. ಆಗ ವರ್ಷಗಳಿಂದ ಬೇರೆಬೇರೆಯಾಗಿದ್ದ ಗುಂಪುಗಳೆಲ್ಲ ಒಂದೇ ಧ್ವನಿಯಲ್ಲಿ ಪ್ರತಿಭಟಿಸಿದವು. ಹತ್ತಾರು ಸಾವಿರ ಮಂದಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಜನವರಿ 27ರಂದು ಸಂಸ್ಥೆ ಹಿಂದೆ ಸರಿದು, ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಮರಳಿ ಪಡೆಯಲಾಗದ ರೀತಿಯಲ್ಲಿ ಸಾರ್ವಜನಿಕ ಬಳಕೆಗೆ ಬಿಟ್ಟುಕೊಟ್ಟಿತು. ಚದುರಿದ ಬಳಗಕ್ಕೂ ಒಂದು ನೆನಪು ಉಳಿದಿದ್ದರೆ ಅದು ಒಂದಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಐವತ್ತು ವರ್ಷ, ಎಂಟು ವರ್ಷ

ಇಷ್ಟೆಲ್ಲ ನಡೆಯುವಾಗ ಲಾಸ್ ಏಂಜಲಿಸ್‌ನ ಲೀ ಗೋಲ್ಡ್ ಏನು ಮಾಡುತ್ತಿದ್ದರು? ಪುಟಗಳನ್ನು ಜೋಡಿಸುತ್ತಿದ್ದರು! ಸೈಕ್ಲೋಸ್ಟೈಲ್ ಹೋಗಿ ಹೊಸ ಯಂತ್ರಗಳು ಬಂದವು, ಅಂಚೆಯ ಜೊತೆಗೆ ಇ-ಮೇಲ್ ಬಂದಿತು, ಕಂತೆ ಮಾತ್ರ ಬರುತ್ತಲೇ ಇತ್ತು. 2025ರಲ್ಲಿ, ಆರಂಭವಾಗಿ ಹೆಚ್ಚುಕಡಿಮೆ ಐವತ್ತು ವರ್ಷಗಳಾದಾಗ, ಸುಮಾರು ಆರುನೂರು ಸಂಚಿಕೆಗಳ ಬಳಿಕ ಅವರು ಅದನ್ನು ನಿಲ್ಲಿಸಿದರು.

ಓದುಗರೇ, ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲೊಂದು ಕಟ್ಟಿದ ಮನೆ ಎಂಟು ವರ್ಷವೂ ಬಾಳಲಿಲ್ಲ. ಒಬ್ಬ ಹೆಂಗಸು ತನ್ನ ಮನೆಯಿಂದ ನಡೆಸಿದ್ದು ಅರ್ಧ ಶತಮಾನ ಬಾಳಿತು. ಹಣದಲ್ಲಿ, ತಂತ್ರಜ್ಞಾನದಲ್ಲಿ, ಜನಬಲದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ವ್ಯತ್ಯಾಸವಿದ್ದುದು ಒಂದರಲ್ಲಿ: ಒಂದು ಕಡೆ ಲೆಕ್ಕಾಚಾರ ಮುಗಿದಾಗ ದೀಪ ಆರಿತು, ಇನ್ನೊಂದು ಕಡೆ ದೀಪಕ್ಕೆ ಎಣ್ಣೆ ಹಾಕುವ ವ್ಯಕ್ತಿಯೊಬ್ಬರಿದ್ದರು. ಆ ವ್ಯಕ್ತಿಗೆ ಬರೆಯುವವರ ಹೆಸರುಗಳು ಗೊತ್ತಿದ್ದವು. ಕಂತೆ ನಿಂತರೂ ಸಂಚಿಕೆಗಳು ಅದನ್ನು ಪಡೆದವರ ಮನೆಗಳಲ್ಲಿ ಉಳಿದಿವೆ.

ಆದ್ದರಿಂದ ಆ ತಂದೆ ಕೇಳಿದ ಪ್ರಶ್ನೆಗೆ ಇಂದು ನಾನು ಹೀಗೆ ಉತ್ತರಿಸುತ್ತೇನೆ. ಮುಖ ನೋಡದವರೊಂದಿಗೂ ಸ್ನೇಹ ಸಾಧ್ಯ. ಅರ್ಧ ಶತಮಾನದ ಅನುಭವ ಅದನ್ನು ತೋರಿಸಿದೆ. ಹಾಗೆಂದು ಮುಖ ನೋಡದವರೆಲ್ಲರೂ ಸ್ನೇಹಿತರಲ್ಲ. ಆ ಎಚ್ಚರ ತಂದೆತಾಯಿಗಳಿಗೆ ಇರಲೇಬೇಕು. ಆದರೆ ಭಯದಿಂದ ಬಾಗಿಲು ಬಡಿಯುವ ಮೊದಲು ಮಗನ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕುಳಿತು ಕೇಳಿ: ಈ ಬಳಗದಲ್ಲಿ ಯಾರು ಯಾರಿದ್ದಾರೆ? ಹೊಸಬನು ಬಂದರೆ ಹೇಗೆ ಬರಮಾಡಿಕೊಳ್ಳುತ್ತೀರಿ? ಒಬ್ಬನು ಎರಡು ವಾರ ಬಾರದಿದ್ದರೆ ವಿಚಾರಿಸುವವರು ಇದ್ದಾರೆಯೇ? ನೀವು ಸೇರುವ ಮನೆ ಯಾರದು, ಅದು ನಾಳೆ ಮುಚ್ಚಿದರೆ ನಿಮ್ಮಲ್ಲಿ ಉಳಿಯುವುದೇನು?

ಕೆಲವು ತಿಂಗಳ ಬಳಿಕ ಆ ಹುಡುಗ ಭಾನುವಾರದ ಪೂಜೆ ಮುಗಿದ ಮೇಲೆ ಸಿಕ್ಕಿದಾಗ ಕೊನೆಯ ಪ್ರಶ್ನೆಯನ್ನು ನಾನೇ ಕೇಳಿದೆ. ಅವನು ತುಸು ಹೊತ್ತು ಯೋಚಿಸಿ, "ಗೊತ್ತಿಲ್ಲ ಫಾದರ್, ನಾವು ಯಾರೂ ಏನನ್ನೂ ಬರೆದಿಟ್ಟಿಲ್ಲ" ಎಂದ. ಒಂದು ನೋಟ್‌ಬುಕ್ ಕೊಂಡುಕೋ ಎಂದೆ. ನಿಮ್ಮ ಮಕ್ಕಳಿಗೂ ಅದನ್ನೇ ಹೇಳಿ.